ಮುರುಗಲ ತುಪ್ಪಕ್ಕೆ ನೀರು ಬೆರೆತಾಗ

ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಮುರುಗಲ ತುಪ್ಪ ಹಚ್ಚುವ ರೂಢಿ ಜೊಯಿಡಾ ಸೇರಿದಂತೆ ಉತ್ತರ ಕನ್ನಡದ ಘಟ್ಟದ ಸೀಮೆಯಲ್ಲಿ ಬಹಳ ಹಿಂದಿನದು. ಬೇಸಿಗೆಯಲ್ಲಿ ಮಾಗುವ ಮುರುಗಲು ಹಣ್ಣಿನ ಸಿಪ್ಪೆ ಸಾರಿಗೂ ಪಾನಕಕ್ಕೂ ಒದಗಿದರೆ, ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಜಿಡ್ಡು ಆರಿದ ನಂತರ ಗಟ್ಟಿಯಾಗಿ ತುಪ್ಪವಾಗುತ್ತದೆ. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳು ಹೇರಳವಾಗಿದ್ದು, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಜಿಡ್ಡನ್ನು ಪ್ರಸಾಧನ ಉದ್ಯಮವು ಕೋಕಂ ಬಟರ್ ಎಂಬ ಹೆಸರಿನಲ್ಲಿ ಕ್ರೀಮು, ತುಟಿಯ ಮುಲಾಮುಗಳಿಗೆ ಬಳಸುತ್ತಿದೆ.

ಚರ್ಮದ ತೇವ ಕಾಯುವ ವಸ್ತುಗಳು ಮೂರು ಬಗೆಯಲ್ಲಿ ಕೆಲಸ ಮಾಡುತ್ತವೆ. ಗ್ಲಿಸರಿನ್, ಯೂರಿಯಾ, ಹಯಲುರಾನಿಕ್ ಆಮ್ಲಗಳು ನೀರನ್ನು ಸೆಳೆದು ಹಿಡಿಯುತ್ತವೆ. ಮುರುಗಲ ತುಪ್ಪದಂತಹ ಜಿಡ್ಡುಗಳು ಹೊರಪದರದ ಬಿರುಕುಗಳನ್ನು ತುಂಬಿ ನುಣುಪಾಗಿಸುತ್ತವೆ. ಪೆಟ್ರೋಲಿಯಂ ಜೆಲ್ಲಿ ಮೇಲೊಂದು ಪೊರೆ ಹಾಸಿ ನೀರು ಆವಿಯಾಗದಂತೆ ತಡೆಯುತ್ತದೆ. ಗಾಳಿ ತೀರ ಒಣಗಿರುವಾಗ ಬರಿಯ ಗ್ಲಿಸರಿನ್ ಹಚ್ಚಿದರೆ ಅದು ಚರ್ಮದ ಒಳಪದರದ ನೀರನ್ನೇ ಎಳೆದುಕೊಳ್ಳಬಹುದಾದ್ದರಿಂದ ಅದರೊಡನೆ ಜಿಡ್ಡೂ ಇರುವುದು ಮೇಲು. ದಪ್ಪಗಟ್ಟಿದ ಹಿಮ್ಮಡಿಯನ್ನು ಮೆದುವಾಗಿಸುವ ಯೂರಿಯಾ ಹಸಿ ಬಿರುಕಿಗೆ ತಾಗಿದರೆ ಉರಿಯುತ್ತದೆ.

ಸುರಕ್ಷತೆಯ ಮುಖ್ಯ ಪ್ರಶ್ನೆ ಏಳುವುದು ನೀರಿನ ವಿಷಯದಲ್ಲಿ. ಪಸೆಯಿಲ್ಲದ ತುಪ್ಪದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲಾರವು. ನೀರು ಬೆರೆಸಿ ಕ್ರೀಮು ಮಾಡಿದೊಡನೆ, ಅಥವಾ ಕುದಿಸಿ ತೆಗೆದ ತುಪ್ಪವನ್ನು ಪೂರ್ತಿ ಆರಿಸದೆ ಡಬ್ಬಿಗೆ ತುಂಬಿದರೂ, ಅವುಗಳಿಗೆ ನೆಲೆ ದೊರೆಯುತ್ತದೆ. ಆದ್ದರಿಂದ ‘ಸಂರಕ್ಷಕಗಳಿಲ್ಲ’ ಎಂಬ ಚೀಟಿ ನೀರಿರುವ ಕ್ರೀಮಿಗೆ ಹಿರಿಮೆಯಲ್ಲ. ಹಾಗೆಂದು ಎಲ್ಲ ಸಂರಕ್ಷಕಗಳೂ ನಿರಪಾಯಕಾರಿ ಎನ್ನುವಂತಿಲ್ಲ: ಅಲರ್ಜಿಯ ಪ್ರಕರಣಗಳು ಹೆಚ್ಚಿದ್ದರಿಂದ, ಹಚ್ಚಿ ಹಾಗೆಯೇ ಬಿಡುವ ಪ್ರಸಾಧನಗಳಲ್ಲಿ ಮೀಥೈಲ್‌ಐಸೊಥಯಜೊಲಿನೋನ್ ಬಳಕೆಯನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು.

ಕಚ್ಚಾವಸ್ತುವಿನ ಶುದ್ಧತೆಯೂ ಅಷ್ಟೇ ಮುಖ್ಯ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವಾಗಿ ಕೊಟ್ಟ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತು 14 ರೋಗಿಗಳು ಸತ್ತರು. ಅದು ಸೇವಿಸಿದ ಔಷಧದ ದುರಂತವಾದರೂ, ಕೈಗಾರಿಕೆಯ ಗ್ಲಿಸರಿನ್ ಅಗ್ಗವೆಂದು ಕೊಂಡು ಮುಲಾಮಿಗೆ ಬೆರೆಸಬಾರದೆಂಬುದಕ್ಕೆ ಅಷ್ಟು ಸಾಕು. ಸೌದೆಯ ಒಲೆಯಿರುವ ಮನೆಗಳು ಗಮನಿಸಬೇಕಾದ ಇನ್ನೊಂದು ಅಪಾಯವನ್ನು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎತ್ತಿ ಹೇಳಿತು: ಜಿಡ್ಡಿನ ಮುಲಾಮು ಇಂಗಿ ಒಣಗಿದ ಬಟ್ಟೆಗೆ ಕಿಡಿ ತಾಗಿದರೆ ಬೆಂಕಿ ಬಹಳ ಬೇಗ ಹಬ್ಬುತ್ತದೆ.

ಮಾರಾಟಕ್ಕಾಗಿ ಪ್ರಸಾಧನ ತಯಾರಿಸುವವರು 2020ರ ಪ್ರಸಾಧನ ನಿಯಮಗಳಂತೆ ಪರವಾನಗಿ ಪಡೆಯಬೇಕು. ನಿಯಮ ಸರಿಯಾದದ್ದೇ, ಆದರೆ ಕಾಡಂಚಿನ ಊರಿನಲ್ಲಿ ತುಪ್ಪ ತೆಗೆಯುವ ಹೆಂಗಸರಿಗೆ ಪ್ರಯೋಗಾಲಯವೇ ಎಟುಕದಿದ್ದರೆ, ಅವರು ಬೀಜ ಮಾರುವವರಾಗಿಯೇ ಉಳಿದು ಕ್ರೀಮಿನ ಲಾಭ ದೂರದ ನಗರಕ್ಕೆ ಹೋಗುತ್ತದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದಂತಹ ಸಂಸ್ಥೆಯಲ್ಲಿ ತುಪ್ಪದ ತೇವಾಂಶ, ಕಮಟು, ಸೂಕ್ಷ್ಮಜೀವಿಗಳ ಪರೀಕ್ಷೆಯನ್ನು ಕಡಿಮೆ ದರದಲ್ಲಿ ಒದಗಿಸಿ, ನೀರಿಲ್ಲದ ಮುಲಾಮಿನಿಂದ ತರಬೇತಿ ಆರಂಭಿಸುವ ಕೆಲಸವನ್ನು ಸರ್ಕಾರ ಮುಂದಿನ ಮುರುಗಲು ಸುಗ್ಗಿಗೆ ಮೊದಲೇ ಕೈಗೆತ್ತಿಕೊಳ್ಳಬೇಕು.