ಎರಡನೆಯ ಭಾಗದ ಮೇಲೇಕೆ ಸಿಟ್ಟು?

ನಮ್ಮ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಊಟದ ಡಬ್ಬಿಗಳ ಜೊತೆಗೆ ತೀರ್ಪುಗಳೂ ಬಿಚ್ಚಿಕೊಳ್ಳುತ್ತವೆ. 2024ರ ಜೂನ್‌ನಲ್ಲಿ ‘ಇನ್‌ಸೈಡ್ ಔಟ್’ ಕಾರ್ಟೂನ್ ಚಿತ್ರದ ಎರಡನೆಯ ಭಾಗ ಬಂದಾಗ ನಮ್ಮ ಗಣಿತದ ಮೇಡಂ ಮಗಳನ್ನು ಕರೆದುಕೊಂಡು ಹೋಗಿ ನೋಡಿ ಬಂದರು. ಮಾರನೆಯ ದಿನ ಚಪಾತಿ ಮುರಿಯುತ್ತಾ ಒಂದೇ ಮಾತಿನಲ್ಲಿ ತೀರಿಸಿಬಿಟ್ಟರು: “ಎರಡನೆಯ ಭಾಗ ಅಂದ್ರೆ ಹಳಸಿದ ಹುಳಿಗೆ ಹೊಸ ಒಗ್ಗರಣೆ ಕಣ್ರೀ. ಮೊದಲನೇದರ ಸೊಗಸು ಯಾವತ್ತೂ ಬರಲ್ಲ.” ಉಳಿದವರೆಲ್ಲ ತಲೆಯಾಡಿಸಿದರು. ನನಗೆ ಮಾತ್ರ ತಡೆಯಲಾಗಲಿಲ್ಲ. ಅಂದು ಗಂಟೆ ಹೊಡೆದದ್ದರಿಂದ ಅರ್ಧಕ್ಕೆ ನಿಂತ ಜಗಳವನ್ನು ಇಲ್ಲಿ ಮುಗಿಸುತ್ತೇನೆ.

ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಮೊದಲನೆಯದರ ಸೊಗಸು ಮತ್ತೆ ಬರುವುದಿಲ್ಲ. 1995ರ ‘ಟಾಯ್ ಸ್ಟೋರಿ’ಯಲ್ಲಿ ಆಟಿಕೆಗಳು ಎದ್ದು ಕುಳಿತು ಮಾತಾಡಿದಾಗ ಆದ ಬೆರಗು ಒಂದೇ ಸಲ ಆಗುವಂಥದ್ದು. ಆದರೆ ಅದು ಬರಲಿಲ್ಲವೆಂದು ಎರಡನೆಯದನ್ನು ಬಯ್ಯುವುದು, ಕಿರಿಯ ಮಗು ಹಿರಿಯದರ ಹಾಗಿಲ್ಲವೆಂದು ಬಯ್ದಂತೆ. ಅದು ಬೇರೆ ಮಗು. ಕೇಳಬೇಕಾದ ಪ್ರಶ್ನೆ ಬೇರೆ: ಇದು ತನ್ನದೇ ಆದದ್ದನ್ನು ಏನಾದರೂ ತಂದಿದೆಯೇ?

‘ದಿ ಇನ್‌ಕ್ರೆಡಿಬಲ್ಸ್’ ಎಂಬ ನಗೆಚಿತ್ರವನ್ನೇ ತೆಗೆದುಕೊಳ್ಳಿ. ಅಪ್ಪ, ಅಮ್ಮ, ಮೂರು ಮಕ್ಕಳು, ಎಲ್ಲರಿಗೂ ಒಂದೊಂದು ಅದ್ಭುತ ಶಕ್ತಿ. 2004ರಲ್ಲಿ ಅದು ಬಂದಾಗ ನನ್ನ ಮಗ ಮೂರನೆಯ ಕ್ಲಾಸು. ಎರಡನೆಯ ಭಾಗ ಬಂದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಮಗ ಕೆಲಸಕ್ಕೆ ಸೇರಿದ್ದ. ಪರದೆಯ ಮೇಲೆ ಮಾತ್ರ ಕಥೆ ಹಿಂದೆ ನಿಂತಲ್ಲಿಂದಲೇ ಶುರು! 14 ವರ್ಷ ಕಳೆದರೂ ಆ ಕೈಗೂಸು ಕೈಗೂಸಾಗಿಯೇ ಇತ್ತು. ನಕ್ಕೆ, ಮನೆಗೆ ಬಂದೆ, ಮರೆತೆ.

ಅದೇ 2010ರಲ್ಲಿ ಬಂದ ‘ಟಾಯ್ ಸ್ಟೋರಿ’ಯ ಮೂರನೆಯ ಭಾಗದಲ್ಲಿ ಆಟಿಕೆಗಳ ಒಡೆಯನಾದ ಹುಡುಗ ಬೆಳೆದು ಕಾಲೇಜಿಗೆ ಹೊರಟಿದ್ದಾನೆ. ಅವನ ತಾಯಿ ಖಾಲಿಯಾದ ಕೋಣೆಯ ಒಳಗೆ ಬಂದು ಸುತ್ತ ನೋಡಿ ಮಾತು ಹೊರಡದೆ ನಿಂತುಬಿಡುತ್ತಾಳೆ. ಅಂದು ನಾನು ಪಾಪ್‌ಕಾರ್ನ್ ತಿನ್ನುತ್ತಾ ನೋಡಿದ್ದೆ. ಎಂಟು ವರ್ಷದ ಮೇಲೆ ಮಗ ಪುಣೆಗೆ ಹೊರಟ ದಿನ ಅವನ ಕೋಣೆ ಗುಡಿಸಲು ಹೋಗಿ ಪೊರಕೆ ಹಿಡಿದೇ ನಿಂತಾಗ ನೆನಪಾದದ್ದು ಆ ತಾಯಿ. ಇದನ್ನು ಮೊದಲ ಭಾಗ ಕೊಡುವುದು ಸಾಧ್ಯವೇ ಇರಲಿಲ್ಲ. ಆಗ ಹುಡುಗ ಇನ್ನೂ ಚಿಕ್ಕವನು.

ಎರಡು ಚಿತ್ರಗಳೂ 100 ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿದವು. ಆದ್ದರಿಂದ ಗಲ್ಲಾಪೆಟ್ಟಿಗೆಯ ಸಾಕ್ಷಿ ಇಲ್ಲಿ ನಡೆಯದು. ಒಂದು ಕಾಲವನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿತು, ಇನ್ನೊಂದು ಒಳಗೆ ಬಿಟ್ಟುಕೊಂಡಿತು. ವ್ಯತ್ಯಾಸ ಇಷ್ಟೆ. ಹಾಗೆಂದು ತಯಾರಕರನ್ನು ಪೂರ್ತಿ ಬಿಟ್ಟುಕೊಡಲಾರೆ. ಅಷ್ಟು ಚೆನ್ನಾಗಿ ವಿದಾಯ ಹೇಳಿಸಿಕೊಂಡ ಆಟಿಕೆಗಳು 2019ರಲ್ಲಿ ನಾಲ್ಕನೆಯ ಭಾಗಕ್ಕೆ ಬಂದಾಗ, ಕುಂಕುಮ ಕೊಟ್ಟು ಕಳಿಸಿದ ನೆಂಟರು ಗೇಟಿನಿಂದ ವಾಪಸು ಬಂದ ಹಾಗಾಯಿತು!

ಆದರೆ ತಪ್ಪು ನಮ್ಮದೂ ಇದೆ. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ದೂರದರ್ಶನಕ್ಕೆ ತೆಗೆದ ‘ಮಾಲ್ಗುಡಿ ಡೇಸ್’ ನಿಮಗೆ ನೆನಪಿರಬೇಕು. 1987ರ ಸುಮಾರಿಗೆ, ನಾನು ಪಿಯುಸಿ ಓದುವಾಗ, ಪಕ್ಕದ ಮನೆಯ ಟಿವಿ ಮುಂದೆ ಚಾಪೆ ಹಾಸಿ ಕುಳಿತು ನೋಡಿದ್ದೆವು. ಆರ್.ಕೆ. ಲಕ್ಷ್ಮಣರ ಗೆರೆಗಳು, ಎಲ್. ವೈದ್ಯನಾಥನ್ ಅವರ ಆ ರಾಗ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. 1990ರಲ್ಲಿ ಶಂಕರ್ ನಾಗ್ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಧಾರಾವಾಹಿ ಮುಂದುವರಿದಾಗ ನಾನು ಒಂದೆರಡು ಕಂತು ನೋಡಿ “ಅದರ ಹಾಗಿಲ್ಲ” ಎಂದು ಎದ್ದುಹೋದೆ. ಈಗ ನಾಚಿಕೆಯಾಗುತ್ತದೆ. ನಾನು ಕಥೆಯನ್ನು ನೋಡಲೇ ಇಲ್ಲ. ನಾನು ಹುಡುಕುತ್ತಿದ್ದದ್ದು ಆ ಚಾಪೆಯನ್ನು, ಅದರ ಮೇಲೆ ನನ್ನ ಪಕ್ಕ ಕುಳಿತು ನಗುತ್ತಿದ್ದ ನನ್ನ ಅಪ್ಪನನ್ನು. ಅವರನ್ನು ಯಾವ ನಿರ್ದೇಶಕಿ ತಂದುಕೊಟ್ಟಾರು?

ಮಾಲ್ಗುಡಿಯನ್ನು ಸೃಷ್ಟಿಸಿದವರಿಗೆ ಈ ಗುಟ್ಟು ತಿಳಿದಿತ್ತು. ನಮ್ಮ ಯಾದವಗಿರಿಯಲ್ಲಿ ಮನೆ ಕಟ್ಟಿಸಿದ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂತು. ಗೆಳೆಯ ರಾಜಂ ರೈಲು ಹತ್ತಿ ಹೋಗುವಲ್ಲಿ ಅದು ಮುಗಿಯುತ್ತದೆ. ನಾರಾಯಣರು ಆ ರೈಲನ್ನು ಹಿಂದಕ್ಕೆ ಕರೆಸಲಿಲ್ಲ. 1937ರ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ನಲ್ಲಿ ಕಾಲೇಜು ಹುಡುಗ ಚಂದ್ರನ್ ಬಂದ, 1945ರ ‘ದಿ ಇಂಗ್ಲಿಷ್ ಟೀಚರ್’ನಲ್ಲಿ ಮೇಷ್ಟ್ರು ಕೃಷ್ಣನ್ ಬಂದರು. ಊರು ಅದೇ, ಜನ ಬೇರೆ, ವಯಸ್ಸು ಬೇರೆ, ದುಃಖ ಬೇರೆ.

ಇನ್ನು ನಮ್ಮ ಗಣಿತದ ಮೇಡಂಗೆ ಉತ್ತರ. ‘ಇನ್‌ಸೈಡ್ ಔಟ್’ನ ಮೊದಲ ಭಾಗ ಬಂದದ್ದು 2015ರಲ್ಲಿ. ಅದರ ಹುಡುಗಿಗೆ ಆಗ 11. ಎರಡನೆಯದರಲ್ಲಿ ಅವಳಿಗೆ 13 ತುಂಬುತ್ತದೆ, ತಲೆಯೊಳಗೆ ಆತಂಕ ಎಂಬ ಹೊಸ ಪಾತ್ರ ಬಂದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಪರೀಕ್ಷೆಯ ಬೆಳಿಗ್ಗೆ ಕೈ ತಣ್ಣಗಾಗಿ ಬರುವ ಎಂಟನೆಯ ತರಗತಿಯ ಹುಡುಗಿಯರನ್ನು ಕಂಡಿರುವ ನನಗೆ ಇದು ಒಗ್ಗರಣೆಯ ಮಾತಲ್ಲ.

“ನಿಮಗೆ ಹಿಡಿಸಲಿಲ್ಲ, ಸರಿ. ಮಗಳಿಗೆ ಹೇಗನ್ನಿಸಿತು?” ಎಂದು ಆ ದಿನ ಸಂಜೆ ಬಸ್‌ಸ್ಟಾಪಿನಲ್ಲಿ ಕೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಳ್ತಾ ಕೂತಿದ್ಲು. ‘ನನಗೂ ಹಿಂಗೇ ಆಗತ್ತಮ್ಮ’ ಅಂದ್ಲು. ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ.”

ಮೊದಲ ಭಾಗ ಬಂದಾಗ ಆ ಹುಡುಗಿಗೆ ನಾಲ್ಕು ವರ್ಷ. ನಮಗೆ ಎರಡನೆಯದಾದದ್ದು ಅವಳಿಗೆ ಮೊದಲನೆಯದು.