ಬಿಡಿಭಾಗಗಳ ಪೆಟ್ಟಿಗೆಯೂ ಯಂತ್ರಜ್ಞಾನವೂ

ಕಳೆದ ಬೇಸಗೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರಲ್ಲಿರುವ ಮಿತ್ರರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಲೋಹದ ಮತ್ತು ಪ್ಲಾಸ್ಟಿಕ್ಕಿನ ನೂರಾರು ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಅವರ ಮಗ ಕುಳಿತಿದ್ದ. ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ. ಮರ ಕೊಯ್ಯುವ ಸರಪಳಿ ಗರಗಸದ, ಎಂದರೆ ಚೈನ್ ಸಾ ಯಂತ್ರದ, ಭಾಗಗಳನ್ನೆಲ್ಲ ಬಿಡಿಬಿಡಿಯಾಗಿ ಒಂದೇ ಪೆಟ್ಟಿಗೆಯಲ್ಲಿ ತರಿಸಿಕೊಂಡಿದ್ದ. “ಎರಡು ದಿನ ಸಾಕು ಮಾವ, ಮೂರನೆಯ ದಿನ ಮರ ಕೊಯ್ಯುತ್ತೇನೆ” ಎಂದ. ತಂದೆ ಒಳಗಿನಿಂದಲೇ, “ಹಣವೂ ಹಾಳು, ಬೆರಳೂ ಹಾಳು” ಎಂದು ಗೊಣಗಿದರು. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವುಂಟು. ಆದರೆ ಇಬ್ಬರೂ ಮುಖ್ಯ ವಿಷಯವನ್ನು ಕಾಣಲಿಲ್ಲವೆಂದೇ ನನ್ನ ಅಭಿಪ್ರಾಯ.

ಈ ಯಂತ್ರದ ಚರಿತ್ರೆ ತೀರ ಹಳೆಯದಲ್ಲ. ಜರ್ಮನಿಯಲ್ಲಿ ಆಂಡ್ರಿಯಾಸ್ ಷ್ಟೀಲ್ ಎಂಬಾತ ೧೯೨೯ರಲ್ಲಿ ರಚಿಸಿದ ಪೆಟ್ರೋಲ್ ಗರಗಸ ೪೬ ಕಿಲೋಗ್ರಾಂ ತೂಗುತ್ತಿತ್ತು; ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ೧೯೪೬ರಲ್ಲಿ ಅಮೆರಿಕದ ಆರೆಗನ್ ಪ್ರಾಂತದ ಕಾಡಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ಕೊರಡನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಕಂಡ. ಅದು ತನ್ನ ಎರಡು ದವಡೆಗಳಿಂದ ಮರದ ಎಳೆಯ ನೇರಕ್ಕೂ ಅಡ್ಡಕ್ಕೂ ಸಲೀಸಾಗಿ ಕೊಯ್ಯುವುದನ್ನು ಗಮನಿಸಿ, ಆ ದವಡೆಯ ಆಕಾರವನ್ನೇ ಉಕ್ಕಿನ ಹಲ್ಲುಗಳಿಗೆ ಕೊಟ್ಟು, ಮರುವರ್ಷ ಹೊಸ ಬಗೆಯ ಸರಪಳಿಯನ್ನು ಮಾರಾಟಕ್ಕೆ ತಂದ. ಇಂದಿನ ಸರಪಳಿಗಳು ಆ ಹುಳುವಿಗೆ ಋಣಿಯಾಗಿವೆ.

ನಮ್ಮ ಹುಡುಗ ತರಿಸಿದ್ದು ಹೆಸರಾದ ಜರ್ಮನ್ ಮಾದರಿಯೊಂದನ್ನು ಅನುಸರಿಸಿ ಬೇರೆಯವರು ತಯಾರಿಸಿದ ಭಾಗಗಳನ್ನು. ಸಿಲಿಂಡರಿನ ವ್ಯಾಸ ೫೪ ಮಿಲಿಮೀಟರ್, ಪಿಸ್ಟನ್ನಿನ ಓಟ ೪೦ ಮಿಲಿಮೀಟರ್. ಲೆಕ್ಕ ಹಾಕಿದರೆ ಗಾತ್ರ ಸುಮಾರು ೯೧.೬ ಘನ ಸೆಂಟಿಮೀಟರ್. ನಿಮಿಷಕ್ಕೆ ೯,೫೦೦ ಸುತ್ತು ತಿರುಗುವಾಗ ಒಂದೊಂದು ಸುತ್ತಿಗೂ ಒಮ್ಮೆ, ಎಂದರೆ ಸೆಕೆಂಡಿಗೆ ಸುಮಾರು ೧೫೮ ಸಲ, ಅದರೊಳಗೆ ಇಂಧನ ಉರಿಯಬೇಕು. ಆಗ ಸರಪಳಿ ಸೆಕೆಂಡಿಗೆ ಸುಮಾರು ೨೧ ಮೀಟರ್ ವೇಗದಲ್ಲಿ ಓಡುತ್ತದೆ. ಗಂಟೆಗೆ ೭೫ ಕಿಲೋಮೀಟರಿಗೂ ಮಿಗಿಲು. ಇಂಥ ಯಂತ್ರವನ್ನು ಜಗಲಿಯ ಮೇಲೆ ಜೋಡಿಸುವುದು ಸಾಧ್ಯವೇ?

ಸಾಧ್ಯ. ಏಕೆಂದರೆ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂಡಬೇಕೆಂಬ ತತ್ತ್ವವನ್ನು ನಮ್ಮ ಕೈಗಾರಿಕೆ ಒಪ್ಪಿಕೊಂಡಿದೆ. ಒಂದು ಕಾಲದಲ್ಲಿ ಕುಶಲಕರ್ಮಿ ಪ್ರತಿಯೊಂದು ಭಾಗವನ್ನೂ ಅರದಿಂದ ತಿಕ್ಕಿ ಅದರ ಜೊತೆಗಾರ ಭಾಗಕ್ಕೆ ಹೊಂದಿಸುತ್ತಿದ್ದ. ೧೭೮೫ರಲ್ಲಿ ಫ್ರಾನ್ಸಿನ ಒನೊರೆ ಬ್ಲಾಂಕ್ ಎಂಬ ಕೋವಿ ತಯಾರಕನು, ಬಿಚ್ಚಿಟ್ಟ ಕೋವಿಯ ಕೀಲುಗಳ ರಾಶಿಯನ್ನು ಅಮೆರಿಕದ ರಾಯಭಾರಿ ಜೆಫರ್ಸನ್ನನಿಗೆ ತೋರಿಸಿದ. ಜೆಫರ್ಸನ್ ಕೈಗೆ ಸಿಕ್ಕ ತುಂಡುಗಳನ್ನು ತಾನೇ ಜೋಡಿಸಿ, ಅವು ಸರಿಯಾಗಿ ಕೂಡಿದ್ದನ್ನು ಕಂಡು ಬೆರಗಾದ. ೧೮೦೧ರಲ್ಲಿ ಎಲೈ ವ್ಹಿಟ್ನಿ ವಾಷಿಂಗ್‌ಟನ್ನಿನಲ್ಲಿ ಇಂಥದೇ ಪ್ರದರ್ಶನ ನಡೆಸಿ ಬಹಳ ಕೀರ್ತಿ ಪಡೆದ. ಆದರೆ ಉಳಿದುಬಂದಿರುವ ಅವನ ಕೋವಿಗಳನ್ನು ಇತಿಹಾಸಕಾರರು ಮುಂದೆ ಪರೀಕ್ಷಿಸಿದಾಗ, ಭಾಗಗಳೆಲ್ಲ ಒಂದಕ್ಕೊಂದು ಬದಲಾಗುವಂತಿರಲಿಲ್ಲ! ಈ ಎರಡನೆಯ ಕಥೆಯನ್ನು ಪೆಟ್ಟಿಗೆ ತರಿಸುವ ತರುಣರೆಲ್ಲರೂ ನೆನಪಿನಲ್ಲಿಡಬೇಕು. ಭಾಗಗಳು ಕೂಡುತ್ತವೆಂಬುದು ತಯಾರಕನು ಕೊಟ್ಟ ಮಾತು. ಮಾತು ನಿಜವೋ ಸುಳ್ಳೋ ಎಂಬುದನ್ನು ಅಳತೆಯಿಂದಲೇ ತಿಳಿಯಬೇಕು.

ನಮ್ಮ ಜಗಲಿಯಲ್ಲಿಯೂ ಹಾಗೆಯೇ ಆಯಿತು. ಪಿಸ್ಟನ್ನಿನ ಅಡ್ಡಗೂಟವನ್ನು ಎರಡು ಪಕ್ಕಗಳಲ್ಲಿ ಹಿಡಿದಿಡುವ ಸಣ್ಣ ತಂತಿಬಳೆಗಳುಂಟು. ಅವುಗಳಲ್ಲಿ ಒಂದು ತನ್ನ ಗಾಡಿಯಲ್ಲಿ ಬಿಗಿಯಾಗಿ ಕೂರದೆ, ಬೆರಳಿನಿಂದ ತಳ್ಳಿದರೆ ಸುತ್ತುತ್ತಿತ್ತು. “ಇಷ್ಟು ಚಿಕ್ಕದು, ಇದರಿಂದ ಏನಾಗುತ್ತದೆ?” ಎಂದ ಹುಡುಗ. ಓಡುವಾಗ ಆ ಬಳೆ ಹೊರಬಿದ್ದರೆ ಸಿಲಿಂಡರಿನ ಗೋಡೆಯನ್ನು ಉಳಿಯಂತೆ ಕೆತ್ತಿಹಾಕುತ್ತದೆ. ಅದನ್ನು ಬದಿಗಿಟ್ಟು ಮೂಲ ಕಂಪನಿಯ ಬಳೆಗಳನ್ನು ತರಿಸಬೇಕಾಯಿತು. ಎರಡು ದಿನದ ಕೆಲಸ ಹನ್ನೆರಡು ದಿನಕ್ಕೆ ಬೆಳೆಯಿತು.

ಆಮೇಲೆ ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟಿದಾಗ ಅದಕ್ಕೂ ಸಿಲಿಂಡರಿನ ತಲೆಗೂ ನಡುವೆ ಎಷ್ಟು ಎಡೆ ಉಳಿಯುತ್ತದೆಂಬ ಪ್ರಶ್ನೆ ಬಂದಿತು. ಪ್ಲಗ್ಗಿನ ರಂಧ್ರದಿಂದ ಬೆಸುಗೆಯ ಮೆದು ತಂತಿಯನ್ನು ಗೋಡೆ ಮುಟ್ಟುವವರೆಗೆ ಒಳಕ್ಕೆ ತೂರಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದೆವು. ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದರೆ ಉತ್ತರ ಸಿಕ್ಕಿತು. ಸುಮಾರು ಅರ್ಧ ಮಿಲಿಮೀಟರ್ ಇದ್ದರೆ ಚೆನ್ನ. ತೀರ ಕಡಮೆಯಾದರೆ, ಕಾದು ಹಿಗ್ಗಿದ ಪಿಸ್ಟನ್ನು ವೇಗದಲ್ಲಿ ತಲೆಗೆ ಬಡಿಯಬಹುದು; ಹೆಚ್ಚಾದರೆ ಅನಿಲದ ಒತ್ತಡ ತಗ್ಗಿ ಶಕ್ತಿ ಕುಂದುತ್ತದೆ. ಉಷ್ಣದಿಂದ ಲೋಹ ಹಿಗ್ಗುತ್ತದೆಂಬ ಪಾಠವನ್ನು ಹುಡುಗ ಶಾಲೆಯಲ್ಲಿ ಓದಿದ್ದ. ಅದರ ಬೆಲೆ ಅರ್ಧ ಮಿಲಿಮೀಟರ್ ಎಂಬುದು ಅವನಿಗೆ ಅಂದು ತಿಳಿಯಿತು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಎರಡು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಒಂದು ಪಂಪಿನಂತೆ ಕೆಲಸ ಮಾಡುತ್ತದೆ. ಪಿಸ್ಟನ್ನು ಏರುವಾಗ ಗಾಳಿ, ಪೆಟ್ರೋಲು, ಎಣ್ಣೆಗಳ ಮಿಶ್ರಣವನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಇಳಿಯುವಾಗ ಮೇಲಕ್ಕೆ ತಳ್ಳುತ್ತದೆ. ಅಚ್ಚಿನ ಪಕ್ಕದ ರಬ್ಬರ್ ಸೀಲು ಸೋರಿದರೆ ಅಲ್ಲಿಂದ ಬರಿಯ ಗಾಳಿ ಒಳನುಗ್ಗುತ್ತದೆ. ಗಾಳಿಯ ಪಾಲು ಹೆಚ್ಚಿ, ಇಂಧನದ ಜೊತೆಗೆ ಬರುವ ಎಣ್ಣೆಯ ಪಾಲು ಕಡಮೆಯಾಗುತ್ತದೆ. ಕಾವು ಏರಿ ಪಿಸ್ಟನ್ನು ಗೋಡೆಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ದ್ವಾರಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಅರ್ಧ ವಾಯುಭಾರದಷ್ಟು ಗಾಳಿಯನ್ನು ತುಂಬಿ, ಮಾಪಕದ ಮುಳ್ಳು ಇಳಿಯುವುದೇ ಎಂದು ನೋಡಬೇಕು. ಮುಳ್ಳು ಇಳಿಯಿತು. ಸಾಬೂನಿನ ನೀರನ್ನು ಹಚ್ಚಿದಾಗ ಒಂದು ಸೀಲಿನ ಅಂಚಿನಲ್ಲಿ ಗುಳ್ಳೆಗಳೆದ್ದುವು. ಈ ಪರೀಕ್ಷೆಯನ್ನು ಬಿಟ್ಟಿದ್ದರೂ ಯಂತ್ರ ಅಂದೇ ಹೊರಟು ಘನವಾಗಿ ಗರ್ಜಿಸುತ್ತಿತ್ತು. ಕೆಲವು ದಿನಗಳಲ್ಲೇ ಸುಟ್ಟುಹೋಗುತ್ತಿತ್ತು. ಹೊರಟ ಯಂತ್ರವೆಲ್ಲ ಸರಿಯಾದ ಯಂತ್ರವಲ್ಲ.

ಇಲ್ಲಿ ವಾಚಕರು ಆಕ್ಷೇಪವೆತ್ತಬಹುದು. ಇಷ್ಟು ತಪ್ಪುಗಳಿರುವ ಸಾಮಾನನ್ನು ಕೊಳ್ಳುವುದೇಕೆ? ದಿನವೂ ಮರ ಕೊಯ್ದು ಜೀವಿಸುವವನಿಗೆ ನನ್ನ ಉತ್ತರ ಸ್ಪಷ್ಟ: ಕೊಳ್ಳಬೇಡಿ. ಭರವಸೆಯಿರುವ ಸಿದ್ಧ ಯಂತ್ರವನ್ನೇ ಕೊಳ್ಳಿ. ಬದಲಾಯಿಸಿದ ಭಾಗಗಳ ಬೆಲೆಯನ್ನೂ ಕಳೆದ ದಿನಗಳನ್ನೂ ಲೆಕ್ಕಕ್ಕೆ ಹಿಡಿದರೆ ಉಳಿತಾಯ ಬಹಳವಿಲ್ಲ. ಆದರೆ ಕಲಿಯುವವನ ಲೆಕ್ಕ ಬೇರೆ. ದೋಷವಿಲ್ಲದ ಭಾಗಗಳನ್ನು ಜೋಡಿಸುವವನು ಚಿತ್ರವನ್ನು ನೋಡಿ ಮೊಳೆ ತಿರುಗಿಸುವುದನ್ನಷ್ಟೇ ಕಲಿಯುತ್ತಾನೆ. ದೋಷವನ್ನು ಹುಡುಕಿ, ಕಾರಣವನ್ನು ತಿಳಿದು, ತಿದ್ದಿದವನಿಗೆ ಮಾತ್ರ ಯಂತ್ರದ ಒಳಮರ್ಮ ದಕ್ಕುತ್ತದೆ. ಹಾಗೆಂದು ಅವನು “ಗರಗಸವನ್ನು ನಾನೇ ಮಾಡಿದೆ” ಎಂದು ಹೇಳಿಕೊಳ್ಳುವಂತಿಲ್ಲ. ಉಕ್ಕನ್ನು ಕರಗಿಸಿದವರು, ಅಚ್ಚು ಹೊಯ್ದವರು, ಕಡೆದವರು ಬೇರೆಯವರು. ಅವನಿಗೆ ಸಲ್ಲುವುದು ಪರೀಕ್ಷಕನ ಗೌರವ. ಅದೇನೂ ಸಣ್ಣ ಗೌರವವಲ್ಲ.

ತಂದೆಯವರ ಭಯವನ್ನೂ ನಾನು ತಳ್ಳಿಹಾಕುವುದಿಲ್ಲ. ಗರಗಸದ ಮೂತಿಯ ಮೇಲಂಚು ಕೊಂಬೆಗೆ ತಗುಲಿದರೆ ಯಂತ್ರವೇ ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಮನುಷ್ಯನು ಎಚ್ಚರಗೊಳ್ಳುವಷ್ಟು ಕಾಲವೂ ಇರುವುದಿಲ್ಲ. ಆ ಕ್ಷಣದಲ್ಲಿ ಸರಪಳಿಯನ್ನು ತಟ್ಟನೆ ನಿಲ್ಲಿಸುವ ಬ್ರೇಕು ೧೯೭೦ರ ದಶಕದಲ್ಲಿ ಬಳಕೆಗೆ ಬಂದು ಎಷ್ಟೋ ಪ್ರಾಣಗಳನ್ನು ಉಳಿಸಿದೆ. ಬೇರೆ ಭಾಗ ಕೆಟ್ಟರೆ ಹಣ ಹೋಗುತ್ತದೆ. ಈ ಭಾಗ ಕೆಟ್ಟರೆ ಕೈಯೋ ಕೊರಳೋ ಹೋಗುತ್ತದೆ. ಸರಪಳಿ, ಅದರ ಪಟ್ಟಿ, ಬ್ರೇಕು ಇವುಗಳಲ್ಲಿ ಅಗ್ಗವನ್ನು ಹುಡುಕುವುದು ಅವಿವೇಕ. ಜೋಡಿಸಲು ಕಲಿತವನು ಕೊಯ್ಯಲು ಕಲಿತವನೆಂದೂ ತಿಳಿಯಬಾರದು. ಅದಕ್ಕೆ ಬೇರೆ ಗುರು ಬೇಕು. ಶಿರಸ್ತ್ರಾಣ, ಕಣ್ಣಿನ ಮರೆ, ಕಾಲಿನ ಕವಚ ಬೇಕು.

ಆದುದರಿಂದ ನನ್ನ ಸೂಚನೆ ಇದು. ನಮ್ಮ ಪ್ರೌಢಶಾಲೆ ಕಾಲೇಜುಗಳಲ್ಲಿ ನಾಲ್ಕೈದು ವಿದ್ಯಾರ್ಥಿಗಳಿಗೊಂದು ಸಣ್ಣ ಎಂಜಿನ್ನನ್ನು ಬಿಚ್ಚಿ ಕೊಡಬೇಕು. ಗರಗಸವೇ ಆಗಬೇಕಾಗಿಲ್ಲ, ಹಲ್ಲಿಲ್ಲದ ನೀರೆತ್ತುವ ಪಂಪಿನ ಎಂಜಿನ್ ಮೊದಲಿಗೆ ಉತ್ತಮ. ಉಪಾಧ್ಯಾಯರು ಬೇಕೆಂದೇ ಅದರಲ್ಲಿ ಒಂದೆರಡು ಸವೆದ ಭಾಗಗಳನ್ನು ಸೇರಿಸಿಡಲಿ. ಎಂಜಿನ್ ಹೊರಟಿತೆಂದು ಅಂಕ ಕೊಡುವುದು ಬೇಡ. ಯಾವ ಎಡೆ ಎಷ್ಟಿದೆ, ಏಕಿಷ್ಟಿರಬೇಕು, ಯಾವ ಭಾಗವನ್ನು ಏತಕ್ಕೆ ನಿರಾಕರಿಸಿದೆ ಎಂದು ಬರೆದವನಿಗೆ ಅಂಕ ಸಲ್ಲಲಿ.

ಹದಿಮೂರನೆಯ ದಿನ ನಾನು ಮತ್ತೆ ಅಲ್ಲಿಗೆ ಹೋದಾಗ ಗರಗಸ ಸಿದ್ಧವಾಗಿತ್ತು. ಹುಡುಗ ಅದನ್ನು ಒಂದು ಸಲ ಚಾಲೂ ಮಾಡಿ, ಬ್ರೇಕನ್ನು ಮೂರು ಸಲ ಪರೀಕ್ಷಿಸಿ, ಆರಿಸಿ ಕೆಳಗಿಟ್ಟ. “ಮರ ಕೊಯ್ಯುವುದಿಲ್ಲವೇನಪ್ಪಾ?” ಎಂದು ಕೇಳಿದೆ. “ತೋಟದ ಮೇಸ್ತ್ರಿ ಸೋಮವಾರ ಬರುತ್ತಾರೆ ಮಾವ. ಅವರು ಹೇಳಿಕೊಟ್ಟ ಮೇಲೆ” ಎಂದ. ಒಳಗಿದ್ದ ತಂದೆ ಈ ಸಲ ಏನೂ ಗೊಣಗಲಿಲ್ಲ.