ಹಳೆಯ ಕಾರಿಗೆ ಹೊಸ ಎಂಜಿನ್

೧೯೮೩ರಲ್ಲಿ ರಸ್ತೆಗಿಳಿದ ಮಾರುತಿ ೮೦೦ಕ್ಕೆ ಕಾರ್ಬುರೇಟರ್ ಇದ್ದಿತು. ೨೦೦೦ದ ವೇಳೆಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಂಜಿನ್ ಬಂದಿತು. ತಂದೆ ಕೊಂಡ ಕಾರನ್ನು ಮಾರಲೊಲ್ಲದ ಔರಾದದ ಮಗನಿಗೆ ಆ ಎಂಜಿನ್ನಿನ ಆಸೆ ಹುಟ್ಟಿದರೆ ಆಶ್ಚರ್ಯವೇನು? ಆದರೆ ಎಂಜಿನ್ನೊಂದನ್ನೇ ತಂದರೆ ಅದು ಮದುಮಗನಿಲ್ಲದ ದಿಬ್ಬಣ! ಕಂಪ್ಯೂಟರು, ಸೆನ್ಸರುಗಳು, ವೈರಿಂಗು ಎಲ್ಲವೂ ಅದೇ ಕಾರಿನಿಂದಲೇ ಬರಬೇಕು. ಹಳೆಯ ಪಂಪು ಪೆಟ್ರೋಲನ್ನು ಮೆಲ್ಲನೆ ನೂಕುವಂಥದು. ಹೊಸದಕ್ಕೆ ವಾಯುಭಾರದ ಸುಮಾರು ಮೂರರಷ್ಟು ಒತ್ತಡ ಬೇಕು. ಅದಕ್ಕಾಗಿ ವಿದ್ಯುತ್ ಪಂಪು, ಗಟ್ಟಿ ಕೊಳವೆ. ಇಲ್ಲಿ ಕಾಸು ಉಳಿಸಹೋದರೆ ಬೆಂಕಿಯ ಭಯ. ಎಂಜಿನ್ ಸಂಖ್ಯೆಯು ನೋಂದಣಿ ಪತ್ರದಲ್ಲಿರುವುದರಿಂದ, ಕೆ.ಎ. ೩೮ರ ಬೀದರದವರಾಗಲಿ, ೩೯ರ ಭಾಲ್ಕಿಯವರಾಗಲಿ, ಸಾರಿಗೆ ಕಚೇರಿಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು. ಅಪಘಾತವಾದ ದಿನ ವಿಮೆಯವರು ಆ ಸಂಖ್ಯೆಯನ್ನು ಕೇಳಿಯೇ ಕೇಳುತ್ತಾರೆ.